ಪಾಠ ಹೇಳುತ್ತಿದ್ದ ಸುಲ್ತಾನ: ಫಿರೋಝ್ ಷಾ ಬಹ್ಮನಿ

ಇಂಡಿ ಮತ್ತು ಸಿಂದಗಿ ಕಡೆಯ ಓದುಗರಿಗೆ ಭೀಮಾ ನದಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯವರಿಗೆ ಕೃಷ್ಣಾ ನದಿಯೂ ಹಾಗೆಯೇ. ಈ ಎರಡು ನದಿಗಳ ನಡುವಿನ ಊರುಗಳಿಂದ ಅನೇಕರು ಕಲಬುರಗಿಗೆ ಹೋಗಿ ಬರುತ್ತಿರುತ್ತಾರೆ. ಕೆಲವರು ಆಸ್ಪತ್ರೆಗೆ, ಕೆಲವರು ವ್ಯಾಪಾರಕ್ಕೆ, ಮತ್ತೆ ಕೆಲವರು ನೆಂಟರ ಮನೆಗೆ. ಆದರೆ ನಿಮ್ಮ ತಾಲೂಕಿನ ಅಂಚಿನಲ್ಲಿ ಹರಿಯುವ ಅದೇ ಭೀಮೆಯು ಮುಂದೆ ಕಲಬುರಗಿಯ ದಕ್ಷಿಣಕ್ಕೆ ಹೋದಾಗ ಒಂದು ಪಾಳುನಗರದ ಮಗ್ಗುಲಲ್ಲಿ ಹಾದುಹೋಗುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ದಪ್ಪ ಕಲ್ಲಿನ ಕೋಟೆಗೋಡೆ, ಎತ್ತರದ ಬಾಗಿಲುಗಳು, ವಿಶಾಲವಾದ ಜಾಮಿಅ ಮಸೀದಿ, ಸ್ನಾನಗೃಹಗಳು, ಇವೆಲ್ಲ ಹೊಲಗಳ ನಡುವೆ ಇಂದಿಗೂ ನಿಂತಿವೆ. ಆ ಊರಿನ ಹೆಸರು ಫಿರೋಝಾಬಾದ್. ಸುಮಾರು 1400ರಲ್ಲಿ ಅದನ್ನು ಕಟ್ಟಿಸಿದವನು ಬಹ್ಮನಿ ವಂಶದ ಸುಲ್ತಾನ ತಾಜುದ್ದೀನ್ ಫಿರೋಝ್ ಷಾ.

ಅವನು ಯುದ್ಧಗಳನ್ನು ಮಾಡಿದನು, ಕೋಟೆಗಳನ್ನು ಗೆದ್ದನು, ಕೊನೆಗೆ ಸೋತನು. ಅಂಥ ಅರಸರು ಚರಿತ್ರೆಯಲ್ಲಿ ಬಹಳ ಮಂದಿ ಇದ್ದಾರೆ. ಆದರೆ ವಾರದಲ್ಲಿ ಮೂರು ದಿನ ವಿದ್ಯಾರ್ಥಿಗಳ ಮುಂದೆ ಕುಳಿತು ರೇಖಾಗಣಿತದ ಪಾಠ ಹೇಳುತ್ತಿದ್ದ ಅರಸ ನಮ್ಮ ನಾಡಿನಲ್ಲಿ ಇನ್ನೊಬ್ಬನಿದ್ದನೇ? ಅವನು ಹೇಳುತ್ತಿದ್ದ ಪಾಠದ ಗ್ರಂಥವು ಗ್ರೀಕರಿಂದ ಅರಬರಿಗೆ, ಅರಬರಿಂದ ಲೋಕಕ್ಕೆ ಬಂದುದು. ಆ ಗ್ರಂಥದ ಕತೆಯನ್ನೂ ಆ ಸುಲ್ತಾನನ ಕತೆಯನ್ನೂ ಜೊತೆಯಾಗಿ ತಿಳಿಯುವುದು ನಮಗೆ ಇಂದು ಅಗತ್ಯವಾಗಿದೆ. ಏಕೆಂದರೆ ನಾವು ನಮ್ಮ ಮನೆಗಳಲ್ಲಿ ವಿದ್ಯೆಯನ್ನು ಎರಡು ಪಾಲು ಮಾಡಿಬಿಟ್ಟಿದ್ದೇವೆ. ಮದ್ರಸದ ಓದು ದೀನಿನದು, ಶಾಲೆಯ ಓದು ದುನಿಯಾದ್ದು. ಮಗ ಗಣಿತದಲ್ಲಿ ಹಿಂದೆ ಬಿದ್ದರೆ ಅದು ನಮ್ಮ ವಿದ್ಯೆಯಲ್ಲವೆಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಹಾಗೆಯೇ ನಾಲ್ಕು ಅಕ್ಷರ ಕಲಿತ ಮಗ ಮನೆಯ ಹಿರಿಯರನ್ನು ಕೀಳಾಗಿ ಕಂಡಾಗ ಅದನ್ನು ಬುದ್ಧಿವಂತಿಕೆಯೆಂದು ಹೊಗಳುವವರೂ ಇದ್ದಾರೆ. ಫಿರೋಝ್ ಷಾನ ಬದುಕು ಈ ಎರಡು ತಪ್ಪುಗಳಿಗೂ ಉತ್ತರವಾಗಿದೆ.

ಅವನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ವಿಜಯಪುರದಲ್ಲಿ ಕುಳಿತು ಬರೆದ ಒಂದು ಗ್ರಂಥದಿಂದ ಬಂದಿದೆ. ಎರಡನೆಯ ಇಬ್ರಾಹೀಮ್ ಆದಿಲ್ ಷಾನ ಆಸ್ಥಾನದಲ್ಲಿದ್ದ ಮುಹಮ್ಮದ್ ಖಾಸಿಮ್ ಫಿರಿಶ್ತಾ ಎಂಬ ವಿದ್ವಾಂಸರು ಹದಿನೇಳನೆಯ ಶತಮಾನದ ಆರಂಭದಲ್ಲಿ ಪಾರಸಿ ಭಾಷೆಯಲ್ಲಿ ದೊಡ್ಡ ಇತಿಹಾಸವೊಂದನ್ನು ರಚಿಸಿದರು. ಅವರು ವೈದ್ಯಶಾಸ್ತ್ರದ ಮೇಲೂ ಗ್ರಂಥ ಬರೆದವರು. ಫಿರೋಝ್ ಷಾ ತೀರಿಹೋಗಿ ಆಗ ಸುಮಾರು ಇನ್ನೂರು ವರ್ಷಗಳಾಗಿದ್ದವು. ಆದ್ದರಿಂದ ಅವರು ಹೇಳಿದ ಯುದ್ಧಕಥೆಗಳನ್ನೂ ಅಂತಃಪುರದ ಕಥೆಗಳನ್ನೂ ಎಚ್ಚರದಿಂದ ಓದಬೇಕು. ಆದರೆ ಸುಲ್ತಾನನು ಯಾವ ದಿನ ಯಾವ ಗ್ರಂಥದ ಪಾಠ ಹೇಳುತ್ತಿದ್ದನೆಂಬುದನ್ನು ಅವರು ಹೆಸರು ಹಿಡಿದು ದಾಖಲಿಸಿದ್ದಾರೆ.

ಗುರುವಿನ ನೆರಳಿನಲ್ಲಿ

ಬಹ್ಮನಿ ರಾಜ್ಯ ಸ್ಥಾಪನೆಯಾದದ್ದು 1347ರಲ್ಲಿ. ಅದರ ಸ್ಥಾಪಕ ಅಲಾವುದ್ದೀನ್ ಹಸನ್ ಬಹ್ಮನ್ ಷಾ ಗುಲ್ಬರ್ಗವನ್ನು, ಅಂದರೆ ಇಂದಿನ ಕಲಬುರಗಿಯನ್ನು, ರಾಜಧಾನಿಯಾಗಿ ಮಾಡಿಕೊಂಡನು. ಫಿರೋಝ್ ಆ ಹಸನನ ಮೊಮ್ಮಗ. ತಂದೆಯ ಆಸರೆ ಇಲ್ಲದ ಫಿರೋಝ್ ಮತ್ತು ಅವನ ತಮ್ಮ ಅಹ್ಮದ್, ಇಬ್ಬರೂ ಬೆಳೆದದ್ದು 1378ರಿಂದ 1397ರವರೆಗೆ ಆಳಿದ ಎರಡನೆಯ ಮುಹಮ್ಮದ್ ಷಾನ ಆಶ್ರಯದಲ್ಲಿ. ಈ ಮುಹಮ್ಮದ್ ಷಾ ಯುದ್ಧಕ್ಕಿಂತ ವಿದ್ಯೆಯನ್ನು ಹೆಚ್ಚು ಪ್ರೀತಿಸಿದವನು. ಬರಗಾಲ ಬಂದಾಗ ದಿಕ್ಕಿಲ್ಲದ ಮಕ್ಕಳಿಗಾಗಿ ಗುಲ್ಬರ್ಗ, ಬೀದರ್, ದೌಲತಾಬಾದ್, ಚೌಲ್ ಮೊದಲಾದ ಊರುಗಳಲ್ಲಿ ಅವನು ಶಾಲೆಗಳನ್ನು ತೆರೆದನು. ಶೀರಾಝಿನ ಮಹಾಕವಿ ಹಾಫಿಝರನ್ನು ಗುಲ್ಬರ್ಗಕ್ಕೆ ಬರಮಾಡಿಕೊಳ್ಳಲು ಹಣ ಕಳುಹಿಸಿದವನೂ ಇವನೇ. ಹಾಫಿಝ್ ಹುರ್ಮುಝ್ ಬಂದರಿನವರೆಗೆ ಬಂದು, ಸಮುದ್ರದ ಬಿರುಗಾಳಿಗೆ ಹೆದರಿ ಹಿಂದಿರುಗಿದರೆಂದು ಹೇಳುತ್ತಾರೆ.

ಹಾಫಿಝ್ ಬರಲಿಲ್ಲ. ಆದರೆ ಅದೇ ಶೀರಾಝಿನಿಂದ ಬಂದ ಮೀರ್ ಫಝ್ಲುಲ್ಲಾಹ್ ಇಂಜೂ ಗುಲ್ಬರ್ಗದಲ್ಲೇ ನೆಲೆಸಿದ್ದರು. ಆ ಕಾಲದ ಅತಿ ದೊಡ್ಡ ವಿದ್ವಾಂಸರಲ್ಲಿ ಒಬ್ಬರಾದ ಸಅದುದ್ದೀನ್ ತಫ್ತಾಝಾನಿ(ರ)ಯವರ ಶಿಷ್ಯರು ಅವರು. ತಫ್ತಾಝಾನಿಯವರ ಹೆಸರು ನಮ್ಮ ಉಲಮಾಗಳಿಗೆ ಹೊಸದಲ್ಲ. ದರ್ಸೆ ನಿಝಾಮಿ ಮದ್ರಸಗಳಲ್ಲಿ ಅವರ ಕೃತಿಗಳು ಇಂದಿಗೂ ಪಾಠಕ್ಕಿವೆ. ಸುಲ್ತಾನನು ತನ್ನ ಆಶ್ರಯದಲ್ಲಿದ್ದ ಈ ಇಬ್ಬರು ಹುಡುಗರನ್ನು ಮೀರ್ ಫಝ್ಲುಲ್ಲಾಹರ ಕೈಗೆ ಒಪ್ಪಿಸಿದನು. ಫಿರೋಝ್ ಕಲಿತದ್ದು ಕತ್ತಿವರಸೆ, ಕುದುರೆ ಸವಾರಿ ಮಾತ್ರವಲ್ಲ. ತಫ್ಸೀರ್, ಫಿಕ್ಹ್, ತರ್ಕ, ಗಣಿತ, ಖಗೋಳ ವಿಜ್ಞಾನ ಇವೆಲ್ಲವನ್ನೂ ಒಂದೇ ಗುರುವಿನ ಮುಂದೆ ಒಂದೇ ಚಾಪೆಯ ಮೇಲೆ ಕುಳಿತು ಕಲಿತನು.

1397ರಲ್ಲಿ ಮುಹಮ್ಮದ್ ಷಾ ತೀರಿಕೊಂಡಾಗ ಅರಮನೆಯಲ್ಲಿ ರಕ್ತಪಾತ ನಡೆಯಿತು. ಮುಹಮ್ಮದನ ಮಗ ಘಿಯಾಸುದ್ದೀನನ ಕಣ್ಣು ಕೀಳಿಸಿ, ಅವನ ತಮ್ಮನಾದ ಬಾಲಕ ಶಂಸುದ್ದೀನನನ್ನು ಹೆಸರಿಗೆ ಕೂರಿಸಿ, ಒಬ್ಬ ತುರ್ಕಿ ಗುಲಾಮನು ಅಧಿಕಾರ ನಡೆಸತೊಡಗಿದನು. ಮುಹಮ್ಮದನ ಅಳಿಯಂದಿರೂ ಆಗಿದ್ದ ಫಿರೋಝ್ ಮತ್ತು ಅಹ್ಮದ್ ಇಬ್ಬರೂ ಪ್ರಾಣ ಉಳಿಸಿಕೊಳ್ಳಲು ಶಹಾಪುರದ ಬಳಿಯ ಸಗರಕ್ಕೆ ಓಡಿಹೋದರು. ಅಲ್ಲಿಂದ ಮರಳಿ ಬಂದು ಅದೇ ವರ್ಷ, ಹಿಜರಿ 800ರಲ್ಲಿ, ಫಿರೋಝ್ ಗುಲ್ಬರ್ಗದ ಸಿಂಹಾಸನವೇರಿದನು. ಗುರು ಮೀರ್ ಫಝ್ಲುಲ್ಲಾಹರನ್ನೇ ರಾಜ್ಯದ ಪ್ರಧಾನಿಯನ್ನಾಗಿ ಮಾಡಿಕೊಂಡನು. ಆಡಳಿತದಲ್ಲಿ ಬ್ರಾಹ್ಮಣರಿಗೂ ಹೆಚ್ಚಿನ ಸ್ಥಾನ ಕೊಟ್ಟನು.

ಬಗ್ದಾದಿನಿಂದ ಹೊರಟ ಗ್ರಂಥ

ಇನ್ನು ಅವನು ಪಾಠ ಹೇಳುತ್ತಿದ್ದ ಗ್ರಂಥದ ಕಡೆಗೆ ಬರೋಣ. ಈಸವಿ ಪೂರ್ವ 300ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ ಯೂಕ್ಲಿಡ್ ಎಂಬ ಗ್ರೀಕ್ ವಿದ್ವಾಂಸನು ರೇಖಾಗಣಿತದ ಮೂಲತತ್ವಗಳನ್ನು 13 ಭಾಗಗಳಲ್ಲಿ ಬರೆದಿಟ್ಟನು. ಅರಬರು ಅವನನ್ನು ಉಕ್ಲೀದಿಸ್ ಎಂದು ಕರೆದರು. ಬಿಂದು ಎಂದರೇನು, ರೇಖೆ ಎಂದರೇನು ಎಂಬಲ್ಲಿಂದ ಆ ಗ್ರಂಥ ಆರಂಭವಾಗುತ್ತದೆ. ಮುಂದೆ ಹೇಳುವ ಪ್ರತಿಯೊಂದು ಮಾತನ್ನೂ ಹಿಂದೆ ಸಾಬೀತಾದ ಮಾತುಗಳ ಮೇಲೆಯೇ ನಿಲ್ಲಿಸಬೇಕು. ನಡುವೆ ಒಂದು ಮೆಟ್ಟಿಲು ತಪ್ಪಿದರೂ ಮುಂದಕ್ಕೆ ಹೋಗುವಂತಿಲ್ಲ.

ಈ ಗ್ರಂಥವನ್ನು ಅರಬಿಗೆ ತಂದವರಲ್ಲಿ ಮೊದಲಿಗರು ಹಜ್ಜಾಜ್ ಬಿನ್ ಯೂಸುಫ್ ಬಿನ್ ಮತರ್. ಇರಾಕಿನ ಕ್ರೂರ ಗವರ್ನರನಾಗಿದ್ದ ಹಜ್ಜಾಜ್ ಬೇರೆ, ಈ ವಿದ್ವಾಂಸರು ಬೇರೆ. ಖಲೀಫ ಹಾರೂನ್ ರಶೀದರ ಕಾಲದಲ್ಲಿ ಒಮ್ಮೆ ಅನುವಾದಿಸಿದ್ದನ್ನು ಖಲೀಫ ಮಾಮೂನರ ಕಾಲದಲ್ಲಿ, ಅಂದರೆ 813 ಮತ್ತು 833ರ ನಡುವೆ, ಅವರು ತಿದ್ದಿ ಮತ್ತೊಮ್ಮೆ ಸಿದ್ಧಪಡಿಸಿದರು. ತನ್ನ ಕೆಲಸದಲ್ಲಿ ತಾನೇ ಕೊರತೆ ಕಂಡು ಮತ್ತೆ ಮೊದಲಿನಿಂದ ತೊಡಗುವುದು ಸಣ್ಣ ಮಾತಲ್ಲ.

ಅದೇ ಬಗ್ದಾದಿನಲ್ಲಿ ಅನುವಾದಕರ ಇಮಾಮನೆನ್ನಬಹುದಾದ ಹುನೈನ್ ಬಿನ್ ಇಸ್‌ಹಾಕ್ ಇದ್ದರು. 809ರ ಸುಮಾರಿಗೆ ಇರಾಕಿನ ಹೀರಾದಲ್ಲಿ ಜನಿಸಿ 873ರಲ್ಲಿ ತೀರಿಕೊಂಡ ಅವರು ಧರ್ಮದಿಂದ ಕ್ರೈಸ್ತರು. ಯೌವನದಲ್ಲಿ ವೈದ್ಯಶಾಸ್ತ್ರ ಕಲಿಯಲು ಹೋದಾಗ ಬಹಳ ಪ್ರಶ್ನೆ ಕೇಳುತ್ತಾನೆಂದು ಗುರುಗಳು ಅವರನ್ನು ಹೊರಗೆ ಕಳುಹಿಸಿದರಂತೆ. ಅವರು ಕೋಪಗೊಂಡು ವಿದ್ಯೆಯನ್ನೇ ಬಿಡಲಿಲ್ಲ. ಬೇರೆ ಕಡೆ ಹೋಗಿ ಗ್ರೀಕ್ ಭಾಷೆಯನ್ನು ಚೆನ್ನಾಗಿ ಕಲಿತು ಮರಳಿದರು. ಅದೇ ಗುರುಗಳು ಮುಂದೆ ಅವರಿಂದ ಗ್ರಂಥಗಳನ್ನು ಅನುವಾದ ಮಾಡಿಸಿಕೊಂಡರು.

ಅವರ ಕೆಲಸದ ಕ್ರಮವನ್ನು ಗಮನಿಸಿರಿ. ಒಂದು ಗ್ರಂಥದ ಒಂದೇ ಪ್ರತಿಯನ್ನು ನಂಬಿ ಅವರು ಅನುವಾದಕ್ಕೆ ಕುಳಿತುಕೊಳ್ಳುತ್ತಿರಲಿಲ್ಲ. ಸಿಕ್ಕಷ್ಟು ಗ್ರೀಕ್ ಪ್ರತಿಗಳನ್ನು ಕೂಡಿಸಿ, ಒಂದರ ಜೊತೆ ಒಂದನ್ನು ಹೋಲಿಸಿ, ಸರಿಯಾದ ಪಾಠವನ್ನು ನಿರ್ಧರಿಸಿದ ನಂತರವೇ ಲೇಖನಿ ಹಿಡಿಯುತ್ತಿದ್ದರು. ಪದಕ್ಕೆ ಪದವಿಡದೆ ಅರ್ಥವನ್ನು ತರುತ್ತಿದ್ದರು. ಪ್ರಾಚೀನ ವೈದ್ಯ ಗ್ಯಾಲೆನ್, ನಮ್ಮ ಹಕೀಮರು ಜಾಲೀನೂಸ್ ಎಂದು ಕರೆಯುವವರು, ಪ್ರಮಾಣಶಾಸ್ತ್ರದ ಬಗ್ಗೆ ಬರೆದ ಒಂದು ಗ್ರಂಥಕ್ಕಾಗಿ ಅವರು ಇರಾಕಿನಿಂದ ಹೊರಟು ಸಿರಿಯಾ, ಫೆಲೆಸ್ತೀನ್, ಈಜಿಪ್ಟ್ ಎಲ್ಲ ಅಲೆದು ಅಲೆಕ್ಸಾಂಡ್ರಿಯಾದವರೆಗೆ ಹೋದರು. ಸಿಕ್ಕಿದ್ದು ದಮಸ್ಕಸಿನಲ್ಲಿ, ಅದೂ ಅರ್ಧ ಮಾತ್ರ. ಸಿಗದ ಅರ್ಧವನ್ನು ಅವರು ಊಹಿಸಿ ಬರೆಯಲಿಲ್ಲ. ಅರ್ಧ ಮಾತ್ರ ಸಿಕ್ಕಿತೆಂದು ಬರೆದಿಟ್ಟರು.

ಹುನೈನರ ಮಗ ಇಸ್‌ಹಾಕ್ ಯೂಕ್ಲಿಡನ ಗ್ರಂಥವನ್ನು ಹೊಸದಾಗಿ ಅನುವಾದಿಸಿದರು. ಅದನ್ನು ಗ್ರೀಕ್ ಪ್ರತಿಗಳ ಜೊತೆ ಹೋಲಿಸಿ ತಿದ್ದಿದವರು ಹರ್ರಾನಿನ ಸಾಬಿಯೀ ಸಮುದಾಯದ ಸಾಬಿತ್ ಬಿನ್ ಕುರ್‍ರಾ. ಇವರನ್ನು ಬಗ್ದಾದಿಗೆ ಕರೆತಂದು ಆಶ್ರಯ ಕೊಟ್ಟವರು ಮೂಸಾ ಎಂಬವರ ಮೂವರು ಮಕ್ಕಳು. ಸ್ವತಃ ಗಣಿತಜ್ಞರಾಗಿದ್ದ ಆ ಸಹೋದರರು ಅನುವಾದಕರಿಗಾಗಿ ತಿಂಗಳಿಗೆ 500 ದೀನಾರ್ ವೆಚ್ಚ ಮಾಡುತ್ತಿದ್ದರೆಂದು ದಾಖಲೆಯಿದೆ. ಹೀಗೆ ಒಂದು ಗ್ರಂಥದ ಸುತ್ತ ಮುಸ್ಲಿಮರು, ಕ್ರೈಸ್ತರು, ಸಾಬಿಯೀಗಳು ಎಲ್ಲರೂ ಸೇರಿದರು. ಗ್ರಂಥ ಬರೆದವನು ಇವರಾರ ಧರ್ಮದವನೂ ಆಗಿರಲಿಲ್ಲ. ಹಾಗೆಂದು ಮುಸ್ಲಿಮ್ ಸಮಾಜವು ಅದನ್ನು ಹೊರಗಿಡಲಿಲ್ಲ.

ಕೆಲವರು ಕೇಳಬಹುದು: ನಮಾಝ್, ಉಪವಾಸ ಮಾಡುವ ಸಮುದಾಯಕ್ಕೆ ಯೂಕ್ಲಿಡ್ ಏಕೆ ಬೇಕಾಗಿತ್ತು? ಉತ್ತರ ನಮ್ಮ ಕಣ್ಣ ಮುಂದೆಯೇ ಇದೆ. ಮಕ್ಕಾದಿಂದ ಸಾವಿರಾರು ಮೈಲಿ ದೂರದ ಊರಿನಲ್ಲಿ ಕಿಬ್ಲಾ ಯಾವ ಕಡೆಗಿದೆಯೆಂದು ಸರಿಯಾಗಿ ಕಂಡುಹಿಡಿಯಲು ಗಣಿತ ಬೇಕು. ಅಸರ್ ನಮಾಝಿನ ವೇಳೆಯನ್ನು ನೆರಳಿನ ಅಳತೆಯಿಂದ ಲೆಕ್ಕ ಹಾಕಲು ಗಣಿತ ಬೇಕು. ತೀರಿಕೊಂಡವರ ಆಸ್ತಿಯಲ್ಲಿ ಮಗಳಿಗೆಷ್ಟು, ತಾಯಿಗೆಷ್ಟು, ಹೆಂಡತಿಗೆಷ್ಟು ಎಂದು ಶರೀಅತಿನ ಪ್ರಕಾರ ಪಾಲು ಮಾಡಲೂ ಗಣಿತ ಬೇಕು. ಮಾಮೂನರ ಕಾಲದ ಖ್ವಾರಿಝ್ಮಿ ಬೀಜಗಣಿತದ ಮೇಲೆ ಬರೆದ ಪ್ರಸಿದ್ಧ ಗ್ರಂಥದಲ್ಲಿ ದೊಡ್ಡದೊಂದು ಭಾಗವೇ ವಾರಸುದಾರಿಕೆಯ ಲೆಕ್ಕಗಳಿಗೆ ಮೀಸಲಾಗಿದೆ. ಹೆಣ್ಣುಮಗಳ ಪಾಲನ್ನು ಸರಿಯಾಗಿ ಲೆಕ್ಕ ಹಾಕಿ ಕೊಡುವುದು ಧರ್ಮವಾದರೆ, ಆ ಲೆಕ್ಕವನ್ನು ಕಲಿಯುವುದು ಧರ್ಮದಿಂದ ಹೊರಗಿನದು ಹೇಗಾದೀತು?

ಅವರು ಪಡೆದುದನ್ನು ಕಣ್ಣುಮುಚ್ಚಿ ಒಪ್ಪಿಕೊಂಡವರೂ ಅಲ್ಲ. 1201ರಲ್ಲಿ ಜನಿಸಿದ ನಸೀರುದ್ದೀನ್ ತೂಸಿ ಎಂಬ ಇರಾನಿನ ಮಹಾವಿದ್ವಾಂಸರು 1248ರಲ್ಲಿ ಯೂಕ್ಲಿಡನ ಗ್ರಂಥದ ಹಳೆಯ ಅರಬಿ ಅನುವಾದಗಳನ್ನೆಲ್ಲ ಮುಂದಿಟ್ಟುಕೊಂಡು ಹೊಸ ಆವೃತ್ತಿಯೊಂದನ್ನು ಸಿದ್ಧಪಡಿಸಿದರು. ಅದರ ಹೆಸರು ತಹ್ರೀರೆ ಉಕ್ಲೀದಿಸ್. ಹಜ್ಜಾಜರ ಪಾಠ ಯಾವುದು, ಸಾಬಿತರ ಪಾಠ ಯಾವುದು, ಎಲ್ಲಿ ವ್ಯತ್ಯಾಸವಿದೆ ಎಂಬುದನ್ನು ಅವರು ಅದರಲ್ಲಿ ತೋರಿಸಿದರು. ತಮಗಿಂತ ನಾನೂರು ವರ್ಷ ಹಿಂದಿನವರ ಶ್ರಮವನ್ನು ತಮ್ಮದೆಂದು ಹೇಳಿಕೊಳ್ಳಲಿಲ್ಲ. ಖಗೋಳದ ಬಗ್ಗೆ ಬರೆದ ತಝ್ಕಿರಾ ಎಂಬ ಮತ್ತೊಂದು ಕೃತಿಯಲ್ಲಿ ಗ್ರೀಕ್ ಪಂಡಿತ ಟಾಲೆಮಿಯ ಗ್ರಹಗತಿಯ ಸಿದ್ಧಾಂತದಲ್ಲಿರುವ ದೋಷಗಳನ್ನು ಎತ್ತಿ ತೋರಿಸಿ ಹೊಸ ಪರಿಹಾರ ಸೂಚಿಸಿದರು. ಗುರುವೆಂದು ಗೌರವಿಸುತ್ತಲೇ ತಪ್ಪನ್ನು ತಪ್ಪೆಂದು ಹೇಳುವ ಸಂಸ್ಕಾರ ಅವರಲ್ಲಿತ್ತು.

ಶನಿವಾರ, ಸೋಮವಾರ, ಗುರುವಾರ

ಈಗ ಮತ್ತೆ ಗುಲ್ಬರ್ಗಕ್ಕೆ ಬರೋಣ. ಫಿರೋಝ್ ಷಾ ವಾರದಲ್ಲಿ ಶನಿವಾರ, ಸೋಮವಾರ ಮತ್ತು ಗುರುವಾರ ಪಾಠ ಹೇಳುತ್ತಿದ್ದನೆಂದು ಫಿರಿಶ್ತಾ ತಿಳಿಸುತ್ತಾರೆ. ರೇಖಾಗಣಿತಕ್ಕೆ ತೂಸಿಯವರ ಅದೇ ತಹ್ರೀರೆ ಉಕ್ಲೀದಿಸ್. ಖಗೋಳಕ್ಕೆ ತಝ್ಕಿರಾದ ವ್ಯಾಖ್ಯಾನ. ಧಾರ್ಮಿಕ ವಿಶ್ವಾಸಗಳ ಶಾಸ್ತ್ರಕ್ಕೆ ಶರ್ಹೆ ಮಕಾಸಿದ್. ಅಲಂಕಾರಶಾಸ್ತ್ರಕ್ಕೆ ಮುತವ್ವಲ್. ಕೊನೆಯ ಎರಡೂ ತಫ್ತಾಝಾನಿಯವರ ಕೃತಿಗಳು, ಅಂದರೆ ಸುಲ್ತಾನನ ಗುರುವಿನ ಗುರುಗಳದ್ದು. ಹಗಲಿನಲ್ಲಿ ರಾಜ್ಯದ ಕೆಲಸದಿಂದ ಬಿಡುವು ಸಿಗದಿದ್ದರೆ ಪಾಠವನ್ನು ರದ್ದು ಮಾಡುತ್ತಿರಲಿಲ್ಲ. ರಾತ್ರಿ ದೀಪ ಹಚ್ಚಿ ವಿದ್ಯಾರ್ಥಿಗಳನ್ನು ಕರೆಸುತ್ತಿದ್ದನು.

ಈ ಪಾಠಪಟ್ಟಿಯನ್ನು ಸ್ವಲ್ಪ ಆಲೋಚಿಸಿ ನೋಡಿರಿ. ಇದರಲ್ಲಿ ದೀನಿನದು ಎಂದೂ ದುನಿಯಾದ್ದು ಎಂದೂ ಎರಡು ಕಪಾಟುಗಳಿಲ್ಲ. ಅಲ್ಲಾಹನ ಏಕತ್ವವನ್ನು ಸಾಧಿಸುವ ಗ್ರಂಥವನ್ನು ಓದಿಸಿದವನೇ ತ್ರಿಕೋನದ ಮೂರು ಕೋನಗಳು ಸೇರಿ ಎರಡು ಲಂಬಕೋನಕ್ಕೆ ಸಮವೆಂದು ಸಾಧಿಸುವ ಗ್ರಂಥವನ್ನೂ ಓದಿಸುತ್ತಾನೆ. ಮತ್ತೊಂದು ವಿಷಯವೂ ಇದೆ. ಆಸ್ಥಾನದಲ್ಲಿ ಸುಲ್ತಾನನ ಬಾಯಿಂದ ಬಂದದ್ದೇ ಕಾನೂನು. ಯೂಕ್ಲಿಡನ ಪಾಠದಲ್ಲಿ ಹಾಗಲ್ಲ. ಅಲ್ಲಿ ಅರಸನೂ ಮೆಟ್ಟಿಲು ಮೆಟ್ಟಿಲಾಗಿ ಕಾರಣ ಕೊಡಬೇಕು. ಕಾರಣ ತಪ್ಪಿದರೆ ಬಡವನ ಮಗನೂ ಅದನ್ನು ಎತ್ತಿ ತೋರಿಸಬಹುದು. ಅಧಿಕಾರದಲ್ಲಿರುವವನು ವಾರಕ್ಕೆ ಮೂರು ಬಾರಿ ಇಂಥ ಜಾಗದಲ್ಲಿ ಕುಳಿತುಕೊಳ್ಳುವುದು ಅವನಿಗೇ ಒಳ್ಳೆಯದು.

ಅವನು ಪ್ರತಿವರ್ಷ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗುಗಳನ್ನು ಕಳುಹಿಸಿ ದೂರ ದೇಶಗಳ ಸರಕುಗಳ ಜೊತೆಗೆ ವಿದ್ವಾಂಸರನ್ನೂ ಕರೆಸಿಕೊಳ್ಳುತ್ತಿದ್ದನು. ಅನೇಕ ಭಾಷೆಗಳನ್ನು ಬಲ್ಲವನಾಗಿದ್ದನು. ನಾಲ್ಕು ದಿನಗಳಿಗೊಮ್ಮೆ ಪವಿತ್ರ ಕುರ್‌ಆನಿನ 16 ಪುಟಗಳನ್ನು ಸ್ವಂತ ಕೈಯಿಂದ ಬರೆಯುವ ನಿಯಮ ಇಟ್ಟುಕೊಂಡಿದ್ದನು. ರಾತ್ರಿಯ ಹೊತ್ತು ವಿದ್ವಾಂಸರು, ಕವಿಗಳು, ಫಕೀರರು ಅವನ ಸುತ್ತ ಸೇರುತ್ತಿದ್ದರು. ಅಲ್ಲಿ ಅವನನ್ನು ಅರಸನೆಂದು ತಿಳಿಯದೆ ಗೆಳೆಯನೆಂದೇ ತಿಳಿಯಬೇಕಾಗಿತ್ತು. ಯಾರು ಯಾವಾಗ ಬೇಕಾದರೂ ಎದ್ದುಹೋಗಬಹುದಾಗಿತ್ತು. ಆದರೆ ಎರಡು ವಿಷಯಗಳಿಗೆ ಮಾತ್ರ ನಿಷೇಧವಿತ್ತು. ಒಂದು, ರಾಜ್ಯದ ವ್ಯವಹಾರ, ಅದಕ್ಕೆ ದರ್ಬಾರಿದೆ. ಇನ್ನೊಂದು, ಸಭೆಯಲ್ಲಿ ಇಲ್ಲದವರ ನಿಂದೆ.

ಓದುಗರೇ, ಈ ಎರಡನೆಯ ನಿಯಮವನ್ನು ನಮ್ಮ ಮನೆಯ ಜಗುಲಿಗೂ ಮದುವೆ ಮನೆಯ ಚಪ್ಪರಕ್ಕೂ ಅನ್ವಯಿಸಿ ನೋಡೋಣವೇ? ನಮ್ಮ ಮಾತಿನಲ್ಲಿ ಎಷ್ಟು ಉಳಿದೀತು?

ಮುಗಿಯದ ವೇಧಶಾಲೆ

ನಕ್ಷತ್ರಗಳ ಬಗ್ಗೆ ಓದಿಸಿದವನಿಗೆ ಅವುಗಳನ್ನು ಅಳೆದು ನೋಡುವ ಆಸೆ ಹುಟ್ಟಿತು. ತೂಸಿಯವರು 1259ರಲ್ಲಿ ಇರಾನಿನ ಮರಾಘಾದಲ್ಲಿ ವೇಧಶಾಲೆ ಸ್ಥಾಪಿಸಿದ್ದರು. ಹಿಜರಿ 810ರಲ್ಲಿ, ಅಂದರೆ 1407ರಲ್ಲಿ, ಫಿರೋಝ್ ಷಾ ದೌಲತಾಬಾದಿನ ಹತ್ತಿರದ ಘಟ್ಟದ ಮೇಲೆ ಅಂಥದೇ ಒಂದನ್ನು ಕಟ್ಟಲು ಆಜ್ಞಾಪಿಸಿದನು. ಹಕೀಮ್ ಹಸನ್ ಗೀಲಾನಿ ಮತ್ತು ಸಯ್ಯಿದ್ ಮಹ್ಮೂದ್ ಗಾಝರೂನಿ ಎಂಬ ವಿದ್ವಾಂಸರಿಗೆ ಅದರ ಹೊಣೆ ಒಪ್ಪಿಸಿದನು. ಸಮರ್‌ಖಂಡದಲ್ಲಿ ಉಲೂಘ್ ಬೇಗ್ ತನ್ನ ಜಗತ್ಪ್ರಸಿದ್ಧ ವೇಧಶಾಲೆಯನ್ನು ಕಟ್ಟಿದ್ದು ಇದಾದ ಮೇಲೆ, 1420ರ ದಶಕದಲ್ಲಿ.

ಆದರೆ ಕೆಲಸ ನಡೆಯುತ್ತಿದ್ದಾಗಲೇ ಹಕೀಮ್ ಹಸನ್ ತೀರಿಕೊಂಡರು. ವೇಧಶಾಲೆ ಅಷ್ಟಕ್ಕೇ ನಿಂತುಹೋಯಿತು. ಕಲ್ಲು, ಸುಣ್ಣ, ಹಣ ಯಾವುದಕ್ಕೂ ಸುಲ್ತಾನನಿಗೆ ಕೊರತೆ ಇರಲಿಲ್ಲ. ಒಬ್ಬರು ಹೋದರೆ ಅವರ ಜಾಗದಲ್ಲಿ ನಿಲ್ಲಬಲ್ಲ ಮತ್ತೊಬ್ಬರು ತಯಾರಾಗಿರಲಿಲ್ಲ. ಬಗ್ದಾದಿನಲ್ಲಿ ತಂದೆಯ ಕೆಲಸವನ್ನು ಮಗ ಮುಂದುವರಿಸಿದನು, ಅವನ ಕೆಲಸವನ್ನು ಗೆಳೆಯ ತಿದ್ದಿದನು. ಆ ಸರಪಳಿ ಇದ್ದುದರಿಂದಲೇ ಅಲ್ಲಿಯ ಕೆಲಸ ಉಳಿಯಿತು. ಹೊರಗಿನಿಂದ ಕರೆಸಿದ ಒಬ್ಬ ಪಂಡಿತರ ಮೇಲೆ ನಿಂತ ಕೆಲಸ ಅವರೊಂದಿಗೇ ಮಣ್ಣಾಯಿತು. ಒಬ್ಬ ಉತ್ಸಾಹಿಯ ಹೆಗಲ ಮೇಲೆ ಇಡೀ ಮದ್ರಸ ಅಥವಾ ಶಾಲೆಯನ್ನು ಹೊರಿಸಿ ಸುಮ್ಮನೆ ಕೂರುವ ನಮ್ಮ ಜಮಾಅತ್‌ಗಳು ಇದನ್ನು ನೆನಪಿಡಬೇಕು.

ವಿದ್ಯೆಯೇ ಅಳತೆಗೋಲಾದಾಗ

ಫಿರೋಝ್ ಷಾ ದೋಷಗಳಿಲ್ಲದ ಮನುಷ್ಯನಾಗಿರಲಿಲ್ಲ. ನಮಾಝ್, ಉಪವಾಸಗಳನ್ನು ಬಿಡದವನಾದರೂ ಮದ್ಯದ ಚಟದಿಂದ ಅವನು ಮುಕ್ತನಾಗಲಿಲ್ಲ ಎಂದು ಫಿರಿಶ್ತಾ ಮುಚ್ಚಿಡದೆ ಬರೆದಿದ್ದಾರೆ. ಹರಾಮೆಂದು ತಿಳಿದಿದ್ದೂ ಬಿಡಲಾಗದೇ ಹೋಯಿತು. ತಿಳಿವಳಿಕೆ ಒಂದೇ ಮನುಷ್ಯನನ್ನು ತಿದ್ದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಅವನಿಗೆ ಹೆಚ್ಚು ನಷ್ಟ ತಂದದ್ದು ಬೇರೊಂದು. 1398ರಲ್ಲಿ ತೈಮೂರನು ದೆಹಲಿಯ ಮೇಲೆ ದಾಳಿಗೆ ಬಂದಾಗ ಹಝ್ರತ್ ಖ್ವಾಜಾ ಬಂದೇ ನವಾಝ್ ಗೇಸೂದರಾಝ್(ರ) ದೆಹಲಿಯನ್ನು ಬಿಟ್ಟು ಗುಜರಾತ್, ದೌಲತಾಬಾದ್ ದಾರಿಯಾಗಿ ಗುಲ್ಬರ್ಗಕ್ಕೆ ಬಂದರು. ಆಗ ಅವರಿಗೆ ಸುಮಾರು 80 ವರ್ಷ. ದೆಹಲಿಯ ಹಝ್ರತ್ ನಸೀರುದ್ದೀನ್ ಚಿರಾಗ್(ರ)ರ ಶಿಷ್ಯರಾದ ಅವರನ್ನು ಸುಲ್ತಾನನು ಮೊದಮೊದಲು ಆದರದಿಂದ ಎದುರುಗೊಂಡನು. ಬಳಿಕ ತನಗೆ ಪ್ರಿಯವಾದ ತರ್ಕ, ತತ್ವಶಾಸ್ತ್ರಗಳ ಅಳತೆಗೋಲನ್ನೇ ಅವರ ಮೇಲಿಟ್ಟು ನೋಡಿದನು. ಆ ಶಾಸ್ತ್ರಗಳಲ್ಲಿ ಅವರು ತಾನೆಣಿಸಿದಷ್ಟು ದೊಡ್ಡವರಲ್ಲ ಎಂದು ತೀರ್ಮಾನಿಸಿದನು. ಗೌರವ ತಗ್ಗಿತು. ತಮ್ಮ ಅಹ್ಮದ್ ಮಾತ್ರ ಅವರ ಮಜ್ಲಿಸಿಗೆ ಹೋಗಿ ವಿನಯದಿಂದ ಕೂರುತ್ತಿದ್ದನು, ಅವರಿಗಾಗಿ ಖಾನಖಾಹ್ ಕಟ್ಟಿಸಿಕೊಟ್ಟನು.

ಸುಲ್ತಾನನ ತೀರ್ಮಾನ ಸರಿಯಾಗಿತ್ತೇ? ಖ್ವಾಜಾರವರು ಓದುಬರಹ ಇಲ್ಲದ ಫಕೀರರಾಗಿರಲಿಲ್ಲ. ಅರಬಿ, ಪಾರಸಿಯಲ್ಲಿ ಅನೇಕ ಗ್ರಂಥಗಳನ್ನು ಬರೆದವರು. ಆಧ್ಯಾತ್ಮಿಕ ಶಿಸ್ತಿನ ಬಗೆಗಿನ ಆದಾಬುಲ್ ಮುರೀದೀನ್ ಎಂಬ ಅರಬಿ ಕೃತಿಯನ್ನು ಜನರಿಗೆ ತಿಳಿಯಲೆಂದು ಪಾರಸಿಗೆ ತಂದ ಅವರು ಸ್ವತಃ ಅನುವಾದಕರೂ ಹೌದು. ಅವರ ವಿದ್ಯೆಯ ದಾರಿ ಬೇರೆಯಾಗಿತ್ತು ಅಷ್ಟೆ. ತನಗೆ ಗೊತ್ತಿರುವುದನ್ನೇ ವಿದ್ಯೆಯೆಂದು ತಿಳಿದ ಸುಲ್ತಾನನಿಗೆ ಅದು ಕಾಣಲಿಲ್ಲ. ಮುಂದೆ ಖಾನಖಾಹಿನಲ್ಲಿ ಸೇರುವ ಜನಸಂದಣಿಯ ಗದ್ದಲ ಕೋಟೆಯವರೆಗೆ ಬರುತ್ತಿದೆಯೆಂದು ನೆಪವೊಡ್ಡಿ ಬೇರೆಡೆಗೆ ಹೋಗುವಂತೆ ಹೇಳಿ ಕಳುಹಿಸಿದನು. ಆ ವೃದ್ಧರು ಎದುರು ಮಾತಾಡದೆ ಊರಿನ ಆಚೆಗೆ ಹೋದರು. ಇಂದು ಅವರ ದರ್ಗಾ ಇರುವುದು ಅಲ್ಲಿಯೇ.

ಸುಲ್ತಾನನು ಮಗ ಹಸನನನ್ನು ಉತ್ತರಾಧಿಕಾರಿಯೆಂದು ಘೋಷಿಸಿ ಖ್ವಾಜಾರವರ ಹಾರೈಕೆ ಬೇಡಿದಾಗ, ರಾಜ್ಯ ಅಹ್ಮದನಿಗೆ ಹೋಗಲಿದೆಯೆಂದು ಅವರು ಸೂಚಿಸಿದರೆಂದು ಫಿರಿಶ್ತಾ ಹೇಳುತ್ತಾರೆ. ಅಂದಿನಿಂದ ಅಣ್ಣನಿಗೆ ತಮ್ಮನ ಮೇಲೆ ಸಂಶಯ ಬೆಳೆಯಿತು. ಒಂದೇ ಗುರುವಿನ ಮುಂದೆ ಕುಳಿತು ಕಲಿತವರು, ಒಂದೇ ಕುದುರೆಯ ಹಾದಿಯಲ್ಲಿ ಸಗರಕ್ಕೆ ಓಡಿದವರು, ಒಬ್ಬರನ್ನೊಬ್ಬರು ಕಂಡು ಹೆದರುವಂತಾಯಿತು.

ಕೊನೆಯ ದಿನಗಳು

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆಗಾಗಿ ಬಹ್ಮನಿಗಳಿಗೂ ವಿಜಯನಗರಕ್ಕೂ ತಲೆಮಾರುಗಳ ಕಾಲ ಯುದ್ಧ ನಡೆಯಿತು. ಮುದ್ದೇಬಿಹಾಳದವರು ಹೊಳೆಯಾಚೆಗೆ ನೋಡುವ ಮುದ್ಗಲ್ಲಿನ ಕೋಟೆ ಆ ಯುದ್ಧಗಳ ಸಾಕ್ಷಿ. ಫಿರೋಝ್ ಷಾ 1398ರಲ್ಲೂ 1406ರಲ್ಲೂ ಗೆದ್ದನು. ಮೂರನೆಯ ಬಾರಿ ತೆಲಂಗಾಣದ ಪಾನಗಲ್ ಕೋಟೆಗೆ ಮುತ್ತಿಗೆ ಹಾಕಿದನು. ಮುತ್ತಿಗೆ ಎರಡು ವರ್ಷ ಎಳೆಯಿತು. ಸೈನ್ಯದಲ್ಲಿ ರೋಗ ಹಬ್ಬಿತು. 1420ರ ಹೊತ್ತಿಗೆ ಅವನು ಪೂರ್ತಿ ಸೋತು, ದೇಹದಿಂದಲೂ ಮನಸ್ಸಿನಿಂದಲೂ ಕುಗ್ಗಿ ಹಿಂದಿರುಗಿದನು. ಗಡಿಯ ಊರುಗಳ ಬಡ ರೈತರು ಅನುಭವಿಸಿದ ಕಷ್ಟವನ್ನು ಯಾರೂ ಲೆಕ್ಕ ಇಟ್ಟಿಲ್ಲ.

1422ರಲ್ಲಿ ತಮ್ಮನನ್ನು ಹಿಡಿಯಲು ಕಳುಹಿಸಿದ ಸೈನ್ಯ ಸೋತಿತು. ಹಾಸಿಗೆ ಹಿಡಿದಿದ್ದ ಸುಲ್ತಾನನು ಪಲ್ಲಕ್ಕಿಯಲ್ಲಿ ಕುಳಿತು ತಾನೇ ಹೊರಟನು. ಆದರೆ ಅವನ ಜನ ಒಬ್ಬೊಬ್ಬರಾಗಿ ಆ ಕಡೆಗೆ ಸೇರಿಕೊಂಡರು. ಆಗ ಅವನು ಒಂದು ಒಳ್ಳೆಯ ಕೆಲಸ ಮಾಡಿದನು. ರಕ್ತ ಹರಿಸುವುದನ್ನು ನಿಲ್ಲಿಸಿ, ಕೋಟೆಯ ಬಾಗಿಲು ತೆರೆಸಿ, ತಮ್ಮನನ್ನು ಒಳಗೆ ಕರೆಸಿ, ಅಪ್ಪಿಕೊಂಡು ರಾಜ್ಯವನ್ನು ಅವನಿಗೆ ಒಪ್ಪಿಸಿದನು. ಮಗ ಹಸನನನ್ನು ಅವನ ಕೈಯಲ್ಲಿಟ್ಟನು. ಅಹ್ಮದ್ ಆ ಹುಡುಗನ ಪ್ರಾಣ ತೆಗೆಯದೆ ಫಿರೋಝಾಬಾದಿನಲ್ಲಿ ನೆಲೆ ಕೊಟ್ಟನು. ಕೆಲವೇ ದಿನಗಳಲ್ಲಿ ಫಿರೋಝ್ ಷಾ ತೀರಿಕೊಂಡನು. ಅದೇ ವರ್ಷ, ಸುಮಾರು ಒಂದು ತಿಂಗಳ ಬಳಿಕ, ಖ್ವಾಜಾ ಬಂದೇ ನವಾಝ್(ರ) ಕೂಡ ಇಹಲೋಕ ತ್ಯಜಿಸಿದರು. ಅರಸನ ಗೋರಿ ಕಲಬುರಗಿಯ ಹಫ್ತ್ ಗುಂಬಝ್‌ನಲ್ಲಿದೆ. ಕಟ್ಟಡ ಬಹಳ ಸುಂದರವಾಗಿದೆ. ನೋಡಲು ಬರುವವರು ಕಡಿಮೆ.

ನಮಗೆ ಉಳಿದದ್ದೇನು?

ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದನು. ಫಿರೋಝಾಬಾದ್ ಪಾಳಾಯಿತು. ವೇಧಶಾಲೆ ಏಳಲೇ ಇಲ್ಲ. ಆದರೆ ಅವನು ಕಲಿಸುತ್ತಿದ್ದ ಗ್ರಂಥ ನಿಲ್ಲಲಿಲ್ಲ. ಯೂಕ್ಲಿಡನ ಅರಬಿ ಪಾಠಗಳು ಹನ್ನೆರಡನೆಯ ಶತಮಾನದಲ್ಲೇ ಲ್ಯಾಟಿನ್ ಭಾಷೆಗೆ ಹೋಗಿ ಯುರೋಪಿನ ಕಣ್ಣು ತೆರೆಸಿದ್ದವು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಸಮ್ರಾಟ್ ಎಂಬ ಪಂಡಿತರು ತೂಸಿಯವರ ತಹ್ರೀರನ್ನೇ ಸಂಸ್ಕೃತಕ್ಕೆ ಅನುವಾದಿಸಿದರು. ಅವರು ಅದಕ್ಕಿಟ್ಟ ಹೆಸರು ರೇಖಾಗಣಿತ. ನಮ್ಮ ಮಕ್ಕಳು ಕನ್ನಡ ಶಾಲೆಯಲ್ಲಿ ಇಂದಿಗೂ ಹೇಳುವ ಪದವೂ ಅದೇ. ಅದೇ ಶತಮಾನದಲ್ಲಿ ಲಕ್ನೋದ ಫಿರಂಗಿ ಮಹಲಿನಲ್ಲಿ ರೂಪುಗೊಂಡ ದರ್ಸೆ ನಿಝಾಮಿಯಲ್ಲಿ ತಹ್ರೀರೆ ಉಕ್ಲೀದಿಸಿನ ಮೊದಲ ಭಾಗ ಪಾಠಕ್ಕಿತ್ತು. ಹಾಗಾದರೆ ಮದ್ರಸದ ವಿದ್ಯೆ ಬೇರೆ, ಶಾಲೆಯ ವಿದ್ಯೆ ಬೇರೆ ಎಂದು ನಮಗೆ ಹೇಳಿದವರು ಯಾರು? ನಮ್ಮ ಹಿರಿಯರಂತೂ ಅಲ್ಲ.

ಪ್ರವಾದಿವರ್ಯರು(ಸ) ಪ್ರಯೋಜನವಿಲ್ಲದ ವಿದ್ಯೆಯಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಯೂಕ್ಲಿಡನ ತ್ರಿಕೋನ ಹುನೈನರ ಮನೆಯವರ ಕೈಯಲ್ಲೂ ತೂಸಿಯವರ ಕೈಯಲ್ಲೂ ಪ್ರಯೋಜನದ ವಿದ್ಯೆಯಾಯಿತು. ಏಕೆಂದರೆ ಅವರು ತಮಗೆ ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದರು, ಹಿಂದಿನವರ ಹೆಸರನ್ನು ಅಳಿಸಲಿಲ್ಲ, ಬೇರೆಯವರು ತಿದ್ದಿದರೆ ಮುನಿಯಲಿಲ್ಲ. ಫಿರೋಝ್ ಷಾನ ಕೈಯಲ್ಲೂ ಅವನು ಪಾಠ ಹೇಳುತ್ತಿದ್ದಷ್ಟು ಹೊತ್ತು ಅದು ಪ್ರಯೋಜನದ ವಿದ್ಯೆಯೇ ಆಗಿತ್ತು. ಅದೇ ವಿದ್ಯೆಯಿಂದ ಇನ್ನೊಬ್ಬ ಮನುಷ್ಯನನ್ನು ಅಳೆದು ಕೀಳೆಂದು ತೀರ್ಮಾನಿಸಿದ ದಿನ ಅದು ಅವನಿಗೆ ಭಾರವಾಯಿತು.

ಇಂಡಿಯಲ್ಲಿರಲಿ, ಸಿಂದಗಿಯಲ್ಲಿರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿರಲಿ, ಓದು ಬಲ್ಲ ಒಬ್ಬರಾದರೂ ಇಲ್ಲದ ಮೊಹಲ್ಲಾ ಇಂದು ಇಲ್ಲ. ಒಬ್ಬ ಪದವೀಧರ ಯುವಕ, ಒಬ್ಬ ಶಿಕ್ಷಕಿ, ನಿವೃತ್ತರಾದ ಒಬ್ಬ ಮೇಷ್ಟ್ರು, ಯಾರೋ ಒಬ್ಬರು ಇದ್ದೇ ಇರುತ್ತಾರೆ. ಮಗ್ರಿಬ್ ನಮಾಝಿನ ಬಳಿಕ ಮಸೀದಿಯ ಪಕ್ಕದ ಕೋಣೆಯಲ್ಲೋ ಮನೆಯ ಪಡಸಾಲೆಯಲ್ಲೋ ವಾರಕ್ಕೆ ಮೂರು ದಿನ ಅಕ್ಕಪಕ್ಕದ ಮಕ್ಕಳನ್ನು, ಅವರು ಯಾವ ಧರ್ಮದವರೇ ಆಗಿರಲಿ, ಕೂರಿಸಿಕೊಂಡು ಗಣಿತ ಹೇಳಿಕೊಡಲು ಸಿಂಹಾಸನ ಬೇಕಿಲ್ಲ. ಹೆಣ್ಣುಮಕ್ಕಳನ್ನೂ ಕರೆಯಿರಿ. ಒಬ್ಬರು ಊರು ಬಿಟ್ಟರೆ ಆ ಕೆಲಸ ನಿಲ್ಲದಂತೆ ಇನ್ನೊಬ್ಬರನ್ನು ಮೊದಲೇ ತಯಾರು ಮಾಡಿರಿ. ಅಲ್ಲಿ ಬರುವ ಮಕ್ಕಳಿಗೆ ಮೊದಲ ದಿನವೇ ಎರಡು ಮಾತು ಕಲಿಸಿರಿ. ಕಾರಣ ಕೇಳಲು ಹೆದರಬಾರದು. ಓದು ಬಾರದ ಅಜ್ಜನ ಮುಂದೆ ಧ್ವನಿ ಏರಿಸಬಾರದು.

ವಿದ್ಯೆಯನ್ನೂ ಅದನ್ನು ಹೊರುವ ವಿನಯವನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಒಟ್ಟಿಗೆ ದಯಪಾಲಿಸಲಿ.